ಹೃದಯದ ಟೆಸ್ಟ್ ಮುಂದಕ್ಕೆ ಹಾಕ್ಬೇಡ ಪುಟ್ಟಿ

ಪುಟ್ಟೀ,

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಸೋಡಿಯಂ ಚಾನೆಲ್ (ಸೆಲ್ ಪೊರೆಲಿರೋ, ಸೋಡಿಯಂ ಒಳಗೆ ಬಿಡೋ ಬಾಗಿಲು) ಬ್ಲಾಕ್ ಮಾಡೋ ಔಷಧಿ ಹುಡುಕೋ ಪ್ರಾಜೆಕ್ಟ್ ತಗೊಂಡಿದೀನಿ ಅಂತ ನೀನು ಬರ್ದಿದ್ದು ಓದಿ ತುಂಬಾ ಖುಷಿ ಆಯ್ತು ಕಣೇ. ಔಷಧಿ ಕಂಪನಿ ಸೇಫ್ಟಿ ಲ್ಯಾಬಲ್ಲೇ ಸರ್ವಿಸ್ ಮುಗಿಸಿದವಳು ನಾನು, ಅದಕ್ಕೇ ಒಂದು ಮಾತು ಹೇಳ್ದೆ ಇರೋಕಾಗ್ತಿಲ್ಲ. ನಿನ್ನ ಕಾಂಪೌಂಡು ಕ್ಯಾನ್ಸರ್ ಸೆಲ್‌ಗೆ ಏನು ಮಾಡತ್ತೆ ಅಂತ ನೋಡೋ ವಾರದಲ್ಲೇ ಹೃದಯದ ಸೆಲ್‌ಗೆ ಏನು ಮಾಡತ್ತೆ ಅಂತಾನೂ ನೋಡ್ಬಿಡು.

ಯಾಕಂದ್ರೆ ನೀನು ಹಿಡಿದಿರೋ ಸೋಡಿಯಂ ಚಾನೆಲ್ಲು, ನ್ಯಾವ್ 1.5, ಮೂಲತಃ ಹೃದಯದ ಚಾನೆಲ್ಲೇ. ಹೃದಯದ ಸ್ನಾಯುವಲ್ಲಿ ಪ್ರತಿ ಬಡಿತದ ಕರೆಂಟ್ ಹರಡೋದು ಅದು ತೆರ್ಕೊಂಡು ಸೋಡಿಯಂ ಒಳಗೆ ನುಗ್ಗಿದ್ರೇನೇ, ಅದೇ ಚಾನೆಲ್ ಕರುಳಿನ ಗಡ್ಡೆ ಸೆಲ್‌ನಲ್ಲಿ ಸೇರ್ಕೊಂಡು ಅವು ಪಕ್ಕದ ಟಿಶ್ಯೂಗೆ ತೂರೋಕೆ ಸಹಾಯ ಮಾಡತ್ತೆ. ಹರ್ಗ್ ಅನ್ನೋ ಪೊಟ್ಯಾಸಿಯಂ ಚಾನೆಲ್ಲೂ ಹಾಗೇನೇ, ಎರಡೂ ಕಡೆ ಇದೆ. ಸಿಸಪ್ರೈಡ್ ನೆನಪಿದ್ಯಾ, ಎದೆಯುರಿಗೆ ಕೊಡ್ತಿದ್ದ ಮಾತ್ರೆ, ಹರ್ಗ್ ತಡೆದು ಹೃದಯದ ಲಯ ಕೆಡಿಸಿ ಜನ ಸತ್ತರು, ಅಮೆರಿಕದಲ್ಲಿ 2000ದಲ್ಲಿ ಮಾರ್ಕೆಟ್ಟಿಂದ ವಾಪಸ್ ತಗೊಂಡ್ರು. ಎದೆಯುರಿಗೆ ನುಂಗಿದ ಮಾತ್ರೆಗೆ ಜೀವ ಹೋಗೋದು ಅಂದ್ರೆ ಎಂಥ ಅನ್ಯಾಯ ಹೇಳು.

ಹಾಗಂತ ಹೆದರ್ಕೊಬೇಡ. ಗಡ್ಡೆಲಿ ನ್ಯಾವ್ 1.5 ಚಾನೆಲ್ಲು ಮಗು ಹುಟ್ಟೋಕೆ ಮುಂಚೆ ಇರೋ ಎಳೇ ರೂಪದಲ್ಲಿ ಸಿಗತ್ತೆ, ದೊಡ್ಡವರ ರೂಪಕ್ಕೂ ಅದಕ್ಕೂ ಏಳೇ ಅಮೈನೋ ಆಸಿಡ್ ವ್ಯತ್ಯಾಸ, ಔಷಧಿಗೆ ಅದನ್ನ ಗುರುತು ಹಿಡಿಯೋದು ಕಷ್ಟ ಆದ್ರೂ ಪ್ರಯತ್ನ ಪಡೋದಕ್ಕೆ ಯೋಗ್ಯ. ನನಗೆ ಜಾಸ್ತಿ ನಂಬಿಕೆ ಇರೋದು ಇನ್ನೊಂದ್ರಲ್ಲಿ. ಗಡ್ಡೆ ಒಳಗೆ ಆಕ್ಸಿಜನ್ ಕಮ್ಮಿ ಆದಾಗ ಚಾನೆಲ್ ಪೂರ್ತಿ ಮುಚ್ಕೊಳ್ಳದೆ ವಾಷರ್ ಹೋದ ನಲ್ಲಿ ಥರ ಸೋರ್ತಾ ಇರತ್ತೆ. ಎದೆನೋವಿಗೆ ಕೊಡೋ ರಾನೋಲಜಿನ್ ಅನ್ನೋ ಔಷಧಿ ಈ ಸೋರಿಕೆನ ಜಾಸ್ತಿ ತಡಿಯತ್ತೆ, ಬಡಿತಕ್ಕೆ ಬೇಕಾದ ದೊಡ್ಡ ಕರೆಂಟನ್ನ ಅಷ್ಟಾಗಿ ಮುಟ್ಟಲ್ಲ (ಇಸಿಜಿಲಿ ಕ್ಯೂಟಿ, ಅಂದ್ರೆ ಪ್ರತಿ ಬಡಿತಕ್ಕೆ ಹೃದಯದ ಕರೆಂಟು ಏರಿ ಇಳಿಯೋ ಹೊತ್ತು, ಸ್ವಲ್ಪ ಉದ್ದ ಮಾಡತ್ತೆ, ಅದನ್ನ ಮರೀಬೇಡ). ಸೆಲ್‌ನ ಚಾನೆಲ್ ಕರೆಂಟ್ ಅಳೆಯೋ ಪ್ಯಾಚ್ ಕ್ಲಾಂಪ್‌ಗೆ ಕೂತಾಗ ಸ್ಕ್ರೀನಲ್ಲಿ ಗೆರೆ ಒಂದೆರಡು ಮಿಲಿಸೆಕೆಂಡಲ್ಲಿ ಕೆಳಗೆ ಧುಮುಕಿ ಮೇಲೆ ಬರತ್ತಲ್ಲ, ಅದರ ಆಳ ಮಾತ್ರ ಅಳೆದು ಎದ್ದು ಬರ್ಬೇಡ, ಆಮೇಲೆ ಸೊನ್ನೆ ಮುಟ್ಟದೆ ಎಳೀತಿರೋ ಬಾಲಾನೂ ಅಳೆ, ಆ ಸೋರಿಕೆ ಕಾಣೋದು ಅಲ್ಲೇ.

ಔಷಧಿನ ಗಡ್ಡೆ ಹತ್ರಾನೇ ಕೊಡೋ ದಾರೀನೂ ಯೋಚ್ನೆ ಮಾಡು. ಮುಂಬೈ ಟಾಟಾ ಮೆಮೋರಿಯಲ್‌ನವರು ಸ್ತನದ ಕ್ಯಾನ್ಸರ್ ಆಪರೇಷನ್‌ಗೆ ಸ್ವಲ್ಪ ಮುಂಚೆ ಗಡ್ಡೆ ಸುತ್ತ ಲಿಡೊಕೇನ್ ಚುಚ್ಚಿ ನೋಡಿದ್ರು, 2023ರಲ್ಲಿ ಬಂದ ರಿಸಲ್ಟ್ ಪ್ರಕಾರ ಐದು ವರ್ಷ ಬದುಕುಳಿದವರು 86.4ರಿಂದ 90.1 ಪರ್ಸೆಂಟಿಗೆ ಏರಿದ್ರು, ಅದೂ ಹಲ್ಲಿನ ಡಾಕ್ಟ್ರು ಮರಗಟ್ಟಿಸೋಕೆ ಕೊಡೋ ಅಗ್ಗದ ಇಂಜೆಕ್ಷನ್ನಿಂದ! ಚಾನೆಲ್ ತಡೆದಿದ್ದಕ್ಕೇ ಹೀಗಾಯ್ತು ಅಂತ ಆ ಟ್ರಯಲ್ ಸಾಬೀತು ಮಾಡಿಲ್ಲ, ಕರುಳಿಗೂ ಹಾಗೇ ಆಗತ್ತೆ ಅಂತಾನೂ ಅಲ್ಲ. ಆದ್ರೂ ಓದು.

ಸ್ಟೆಮ್ ಸೆಲ್ಲಿಂದ ಬೆಳೆಸಿದ ಹೃದಯದ ಸೆಲ್ ಲ್ಯಾಬಲ್ಲಿ ಇದ್ಯಾ ಅಂತ ನಾಳೇನೇ ನಿನ್ನ ಗೈಡ್‌ನ ಕೇಳು, ಇಲ್ಲಾಂದ್ರೆ ತರಿಸೋಕೆ ಹೇಳು, ಸಂಕೋಚ ಪಡ್ಬೇಡ. ಏನಂದ್ರು ಅಂತ ಬರಿ.

ನಿನ್ನ ದೊಡ್ಡಮ್ಮ