ತುಂಡಾಗಿದ್ದು ವೈರ್, ಬದಲಾಗಿದ್ದು ಮೋಟರ್: ಪವರ್ ವಿಂಡೋ ರಿಪೇರಿ ಬಗ್ಗೆ ದೂರು

ಗೆ,
ಸರ್ವಿಸ್ ಮ್ಯಾನೇಜರ್ ಅವರಿಗೆ

ವಿಷಯ: ಪವರ್ ವಿಂಡೋಗೆ ಬೇಡದ ಬಿಡಿಭಾಗ ಹಾಕಿದ್ದು, ಅದರ ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ನನ್ನ ಹಳೆಯ ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟಿನ ಬಾಗಿಲಿನ ಗ್ಲಾಸ್ ಅರ್ಧಕ್ಕೆ ಇಳಿದು ನಿಂತುಬಿಟ್ಟಿತ್ತು. ಸರಿಮಾಡಿಸಲು ನಿಮ್ಮಲ್ಲಿಗೆ ತಂದೆ. ಮೋಟರ್ ಹೋಗಿದೆ ಎಂದಿರಿ. ಮೋಟರ್, ರೆಗ್ಯುಲೇಟರ್ (ಗ್ಲಾಸನ್ನು ಮೇಲೆ ಕೆಳಗೆ ಎಳೆಯುವ ಭಾಗ) ಎರಡೂ ಸೇರಿದ ಹೊಸ ಅಸೆಂಬ್ಲಿ ಹಾಕಿದಿರಿ. ಪೂರ್ತಿ ಬಿಲ್ ಕಟ್ಟಿ ಗಾಡಿ ತೆಗೆದುಕೊಂಡು ಹೋದೆ. ಗ್ಲಾಸ್ ಮತ್ತೆ ನಿಂತಿತು. ಕೊನೆಗೆ ಬೇರೊಬ್ಬ ಎಲೆಕ್ಟ್ರಿಷಿಯನ್ ನೋಡಿದಾಗ ಸಿಕ್ಕಿದ್ದು ಒಳಗೇ ತುಂಡಾಗಿದ್ದ ಒಂದು ವೈರ್.

ರಿಪೇರಿಯಲ್ಲಿ ಒಮ್ಮೊಮ್ಮೆ ಅಂದಾಜು ತಪ್ಪುತ್ತದೆ. ಅಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಆದರೆ ತೊಂದರೆ ಎಲ್ಲಿದೆ ಎಂಬ ಸುಳಿವನ್ನು ನಾನು ಮೊದಲ ದಿನವೇ ನಿಮ್ಮ ಕೌಂಟರ್‌ನಲ್ಲಿ ಹೇಳಿದ್ದೆ. ಬಾಗಿಲು ಹಾಕಿದ್ದಾಗ ಸ್ವಿಚ್ ಒತ್ತಿದರೆ ಸದ್ದೇ ಇಲ್ಲ. ಅದೇ ಬಾಗಿಲು ತೆರೆದು ಸ್ವಲ್ಪ ಆಡಿಸಿದರೆ ಗ್ಲಾಸ್ ಒಮ್ಮೊಮ್ಮೆ ಓಡುತ್ತದೆ. ಡ್ರೈವರ್ ಬಾಗಿಲಿನ ಸ್ವಿಚ್‌ನಿಂದ ಒತ್ತಿದರೂ ಅಷ್ಟೇ, ಆ ಬಾಗಿಲಿನ ಸ್ವಿಚ್‌ನಿಂದ ಒತ್ತಿದರೂ ಅಷ್ಟೇ. ಉಳಿದ ಮೂರು ಗ್ಲಾಸ್ ಸರಿಯಾಗಿವೆ. ಇಷ್ಟನ್ನೂ ಹೇಳಿದ್ದೆ. ಜಾಬ್ ಕಾರ್ಡ್‌ನಲ್ಲಿ ಬರೆದುಕೊಂಡಿದ್ದು ಮಾತ್ರ ‘ಗ್ಲಾಸ್ ವರ್ಕ್ ಆಗುತ್ತಿಲ್ಲ’ ಅಂತ. ಒಳಗೆ ಕೆಲಸ ಮಾಡುವವರಿಗೆ ನನ್ನ ಮಾತು ತಲುಪಲೇ ಇಲ್ಲ.

ಬಾಗಿಲಿನ ಸ್ಥಿತಿ ಬದಲಾದಂತೆ ಗ್ಲಾಸ್ ಓಡುವುದು, ನಿಲ್ಲುವುದು ಆದರೆ ಮೊದಲು ನೋಡಬೇಕಾದ್ದು ಹಿಂಜ್ ಹತ್ತಿರದ ರಬ್ಬರ್ ಕೊಳವೆಯನ್ನು ಅಲ್ವಾ? ಬಾಡಿಯಿಂದ ಬಾಗಿಲಿಗೆ ಹೋಗುವ ವೈರ್‌ಗಳೆಲ್ಲ ಅದರೊಳಗೇ ಇರುತ್ತವೆ. ಬಾಗಿಲು ತೆರೆದಾಗಲೆಲ್ಲ, ಹಾಕಿದಾಗಲೆಲ್ಲ ಅವು ಬಾಗುತ್ತವೆ. ವರ್ಷಗಟ್ಟಲೆ ಹೀಗೆ ಬಾಗಿ ಬಾಗಿ ಒಳಗಿನ ತಾಮ್ರದ ಎಳೆಗಳು ಕಡಿದುಹೋಗುತ್ತವೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ಹಾಗೇ ಇರುತ್ತದೆ, ಆದ್ದರಿಂದ ಸುಮ್ನೆ ಕಣ್ಣಾಡಿಸಿದರೆ ಗೊತ್ತಾಗುವುದಿಲ್ಲ. ಆ ಎಲೆಕ್ಟ್ರಿಷಿಯನ್ ಕೊಳವೆ ಸರಿಸಿ ವೈರ್‌ಗಳನ್ನು ಒಂದೊಂದಾಗಿ ಮೆಲ್ಲಗೆ ಎಳೆದು ನೋಡಿದರು. ಒಂದು ವೈರ್ ಮಾತ್ರ ಜಗ್ಗಿದ ಹಾಗೆ ಉದ್ದವಾಯಿತು. ಒಳಗೆ ತಾಮ್ರ ತುಂಡಾಗಿತ್ತು. ಹೊಸ ವೈರ್ ತುಂಡು ಸೇರಿಸಿ ಬೆಸುಗೆ ಹಾಕಿದರು. ಈಗ ಬಾಗಿಲು ಹೇಗಿದ್ದರೂ ಗ್ಲಾಸ್ ಓಡುತ್ತಿದೆ.

ಹಾಗಾದರೆ ನಿಮ್ಮಲ್ಲಿ ಹೊಸ ಮೋಟರ್ ಹಾಕಿದ ದಿನ ಗ್ಲಾಸ್ ಹೇಗೆ ಓಡಿತು ಅಂತ ನೀವು ಕೇಳಬಹುದು. ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಬಿಚ್ಚುವುದು, ಹಾಕುವುದು, ಮೋಟರ್ ಕೂರಿಸುವುದು ಎಲ್ಲ ಬಾಗಿಲು ಅಗಲವಾಗಿ ತೆರೆದಿಟ್ಟೇ ಮಾಡುವ ಕೆಲಸ. ಆಗ ತುಂಡಾದ ತುದಿಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಗಾಡಿ ಕೊಡುವಾಗಲೂ ಬಾಗಿಲು ತೆರೆದೇ ಗ್ಲಾಸ್ ಏರಿಸಿ ಇಳಿಸಿ ತೋರಿಸಿದಿರಿ. ಬಾಗಿಲು ಹಾಕಿ ಒಮ್ಮೆ ಒತ್ತಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಮೋಟರ್ ಹೋಗಿದೆ ಎಂದು ತೀರ್ಮಾನಿಸುವ ಮುಂಚೆ ಮಾಡಬೇಕಾದ ಪರೀಕ್ಷೆ ದೊಡ್ಡದೇನಲ್ಲ. ಮೋಟರ್‌ನ ಕನೆಕ್ಟರ್ ಬಿಚ್ಚಿ, ಬಾಗಿಲು ಹಾಕಿಕೊಂಡು, ಸ್ವಿಚ್ ಒತ್ತಿ 12 ವೋಲ್ಟ್ ಬರುತ್ತಿದೆಯೇ ಅಂತ ಮೀಟರ್ ಹಿಡಿದು ನೋಡಬೇಕು. ಅಥವಾ ಮೋಟರ್‌ಗೆ ನೇರವಾಗಿ ಬ್ಯಾಟರಿ ಕೊಡಬೇಕು. ಒಂದು ಕಡೆ ತಿರುಗುತ್ತದೆ, ವೈರ್ ಅದಲುಬದಲು ಮಾಡಿದರೆ ಇನ್ನೊಂದು ಕಡೆ ತಿರುಗುತ್ತದೆ. ತಿರುಗಿದರೆ ಮೋಟರ್ ಸರಿಯಿದೆ ಎಂದೇ ಅರ್ಥ. ಇವುಗಳಲ್ಲಿ ಯಾವುದನ್ನು ಮಾಡಿದಿರಿ ಎಂದು ಕೇಳಿದ್ದಕ್ಕೆ ನಿಮ್ಮ ಅಡ್ವೈಸರ್ ಹತ್ತಿರ ಉತ್ತರವಿರಲಿಲ್ಲ. ರೆಗ್ಯುಲೇಟರ್‌ನ ಕೇಬಲ್ ಕಿತ್ತುಹೋಗಿದ್ದರೆ ಮೋಟರ್ ಗುಂಯ್ ಅನ್ನುತ್ತದೆ, ಗ್ಲಾಸ್ ಮಾತ್ರ ಏಳುವುದಿಲ್ಲ. ನನ್ನ ಗಾಡಿಯಲ್ಲಿ ಸದ್ದೇ ಇರಲಿಲ್ಲವಲ್ಲ. ಹಾಗಿದ್ದೂ ಅದನ್ನು ಬದಲಾಯಿಸಿದ್ದು ಯಾಕೆ?

ಎರಡನೇ ಸಲ ಬಂದಾಗ ಆಗಿದ್ದು ಇನ್ನೂ ಬೇಸರದ ಸಂಗತಿ. ‘ಗ್ಲಾಸ್ ರಬ್ಬರ್ ಒಣಗಿದೆ, ಜಾಮ್ ಆಗಿದೆ’ ಎಂದು ಎಣ್ಣೆಯಂಥ ಏನನ್ನೋ ಸುರಿದು ಕಳಿಸಿದಿರಿ. ರಬ್ಬರ್ ಹಿಡಿದುಕೊಂಡಿದ್ದರೆ ಮೋಟರ್ ತಿಣುಕುತ್ತದೆ, ಸ್ವಿಚ್ ಒತ್ತಿದಾಗ ಒಳಗಿನ ಲೈಟ್ ಸ್ವಲ್ಪ ಮಂಕಾಗುತ್ತದೆ. ಇಲ್ಲಿ ಅದೂ ಇರಲಿಲ್ಲ. ಅಷ್ಟಕ್ಕೂ ಆ ರಬ್ಬರ್‌ಗೆ ಹಾಕಬೇಕಾದ್ದು ಸಿಲಿಕೋನ್ ಸ್ಪ್ರೇ. ಮಾಮೂಲಿ ಎಣ್ಣೆ, ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಈಗ ಗ್ಲಾಸ್ ಮೇಲೆಲ್ಲ ಜಿಡ್ಡಿನ ಗೆರೆ. ಇದರ ಮೇಲೆ ‘ಹಳೇ ಗಾಡಿ ಸಾರ್, ಇದೆಲ್ಲ ಇದ್ದದ್ದೇ’ ಎಂಬ ಮಾತು ಬೇರೆ. ಗಾಡಿ ಹಳೆಯದು, ನಿಜ. ಹಳೆಯ ಗಾಡಿಯಲ್ಲೇ ಬಾಗಿಲಿನ ವೈರ್ ಜಾಸ್ತಿ ತುಂಡಾಗುವುದು. ಆ ಕಾರಣಕ್ಕಾದರೂ ಅದನ್ನು ಮೊದಲು ನೋಡಬೇಕಿತ್ತು.

ಇನ್ನೊಂದು ವಿಷಯ. ಡೋರ್ ಪ್ಯಾಡ್ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಶೀಟನ್ನು ನಿಮ್ಮವರು ಹರಿದಿದ್ದಾರೆ, ಮತ್ತೆ ಅಂಟಿಸಿಲ್ಲ. ಮಳೆ ಬಂದಾಗ ಗ್ಲಾಸ್ ಪಕ್ಕದಿಂದ ನೀರು ಬಾಗಿಲೊಳಗೆ ಇಳಿಯುವುದು ಸಹಜ, ಅದು ಕೆಳಗಿನ ತೂತುಗಳಿಂದ ಹೊರಗೆ ಹೋಗಬೇಕು. ಅದು ಕ್ಯಾಬಿನ್ ಒಳಗೆ ಬರದಂತೆ ತಡೆಯುವುದೇ ಈ ಶೀಟ್. ಈಗ ಮಳೆ ಬಂದರೆ ಆ ಸೀಟಿನ ಮುಂದಿನ ಕಾರ್ಪೆಟ್ ನೆನೆಯುತ್ತಿದೆ. ಪ್ಯಾಡ್‌ನ ಕೆಲವು ಕ್ಲಿಪ್‌ಗಳೂ ಮುರಿದಿವೆ, ರಸ್ತೆ ಸ್ವಲ್ಪ ಕೆಟ್ಟಿದ್ದರೂ ಬಾಗಿಲು ಲಟಪಟ ಅನ್ನುತ್ತದೆ.

ನನ್ನ ಬೇಡಿಕೆ ಇಷ್ಟು. ಅಸೆಂಬ್ಲಿಯ ಬೆಲೆ ಮತ್ತು ಅದನ್ನು ಹಾಕಿದ ಕೂಲಿ, ಎರಡನ್ನೂ ವಾಪಸ್ ಕೊಡಿ. ಬೇಕಿದ್ದರೆ ನಿಮ್ಮ ಹೊಸ ಅಸೆಂಬ್ಲಿ ಬಿಚ್ಚಿಕೊಂಡು ನನ್ನ ಹಳೆಯದನ್ನೇ ಹಾಕಿಕೊಡಿ, ನನ್ನ ಅಭ್ಯಂತರವಿಲ್ಲ. ಹಳೆಯದು ಗುಜರಿಗೆ ಹೋಯಿತು ಎಂದು ನಿಮ್ಮವರು ಹೇಳಿದರು. ನನ್ನನ್ನು ಕೇಳದೆ ನನ್ನ ಗಾಡಿಯ ಭಾಗವನ್ನು ಗುಜರಿಗೆ ಹಾಕಿದ್ದು ಯಾಕೆಂದು ಉತ್ತರ ಬೇಕು. ಹೊಸದನ್ನು ಬಿಚ್ಚಲು ಆಗದಿದ್ದರೆ ಅದು ಗಾಡಿಯಲ್ಲೇ ಉಳಿಯುತ್ತದೆ, ಹಣ ಮಾತ್ರ ವಾಪಸ್ ಬರಬೇಕು. ಶೀಟ್ ಮತ್ತು ಕ್ಲಿಪ್‌ಗಳನ್ನು ಹಣ ಕೇಳದೆ ಸರಿಮಾಡಿಕೊಡಿ. ಜಿಡ್ಡು ಒರೆಸುವ ಕೆಲಸ ನಾನೇ ಮಾಡಿಕೊಳ್ಳುತ್ತೇನೆ.

ನಿಮ್ಮ ಬಿಲ್, ಜಾಬ್ ಕಾರ್ಡ್‌ನ ಪ್ರತಿ, ತುಂಡಾದ ವೈರ್‌ನ ಫೋಟೋ ಮತ್ತು ಎಲೆಕ್ಟ್ರಿಷಿಯನ್ ಬರೆದುಕೊಟ್ಟ ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ತುಂಡಾದ ವೈರ್ ನನ್ನ ಬಳಿಯೇ ಇದೆ, ಯಾವಾಗ ಬೇಕಾದರೂ ತೋರಿಸುತ್ತೇನೆ. ಎರಡು ವಾರದೊಳಗೆ ಲಿಖಿತ ಉತ್ತರ ಕೊಡಿ. ಫೋನ್‌ನಲ್ಲಿ ‘ನೋಡ್ತೀವಿ ಸಾರ್’ ಅಂದರೆ ಅದನ್ನು ಉತ್ತರ ಎಂದು ಒಪ್ಪುವುದಿಲ್ಲ. ಉತ್ತರ ಬರದಿದ್ದರೆ ಇದೇ ಕಾಗದಗಳನ್ನು ಗ್ರಾಹಕರ ದೂರು ವಿಚಾರಿಸುವವರ ಮುಂದೆ ಇಡುತ್ತೇನೆ.

ಇತಿ,
ನಿಮ್ಮ ಗ್ರಾಹಕ