ಕೋಬಾಲ್ಟ್ ಇಲ್ಲದ ಫೈಬರ್ ಕಿಟ್ ಮತ್ತು ಫೋನಿನಲ್ಲಿ ಕೊಟ್ಟ ಅಪಾಯದ ಸಲಹೆ ಬಗ್ಗೆ ದೂರು

ಬಳ್ಳಾರಿ
12-05-2025

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಮೇ 3ರಂದು ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದ್ದೆ. ನಿಮ್ಮ ಫೈಬರ್ ಕಿಟ್‌ನಲ್ಲಿ ಬಂದ ರೆಸಿನ್, ಅಂದರೆ ಅಚ್ಚಿನ ಮೇಲೆ ಹಚ್ಚಿ ಗಟ್ಟಿ ಮಾಡುವ ದ್ರವ, ಗಟ್ಟಿಯಾಗುತ್ತಿಲ್ಲ ಅಂದೆ. ಆ ಕಡೆಯವರು, "ಹೊರಗಿಂದ ಕೋಬಾಲ್ಟ್ ತಗೊಳ್ಳಿ, ಹಾರ್ಡ್‌ನರ್ ಜೊತೆ ಕಲಸಿಟ್ಟುಕೊಳ್ಳಿ, ಆಮೇಲೆ ಎರಡನ್ನೂ ಒಟ್ಟಿಗೆ ರೆಸಿನ್‌ಗೆ ಹಾಕಿ" ಅಂದರು. ಹಾರ್ಡ್‌ನರ್ ಅಂದರೆ ರೆಸಿನ್ ಗಟ್ಟಿಯಾಗಲು ಹಾಕುವ ದ್ರವ, ಕೋಬಾಲ್ಟ್ ಅಂದರೆ ಆ ಕೆಲಸ ಬೇಗ ಆಗಲು ರೆಸಿನ್‌ಗೆ ಮೊದಲೇ ಬೆರೆಸುವ ದ್ರಾವಣ. ಇವೆರಡೂ ನೇರವಾಗಿ ಸೇರಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ನಾನು ಆ ಮಾತು ನಂಬಿ ಕಲಸಲು ಕಪ್ ಕೂಡ ತೆಗೆದಿಟ್ಟಿದ್ದೆ. ಹತ್ತು ವರ್ಷದ ಮಗ ಪಕ್ಕದಲ್ಲೇ ಕೂತಿರುತ್ತಿದ್ದ. ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಏನಾಯಿತು ಅಂತ ಹೇಳುತ್ತೇನೆ. ನಾನು ಮನೆಯಲ್ಲೇ ಕೂತು ಜೀನ್ಸ್ ಹೊಲಿಯುವವರಿಗೆ ಲೇಬಲ್, ಎಂಬ್ರಾಯ್ಡರಿ ಡಿಸೈನ್ ಮಾಡಿಕೊಡುತ್ತೇನೆ. ಬಳ್ಳಾರಿ ಬಿಸಿಲು ನಿಮಗೆ ಗೊತ್ತಿರಬಹುದು. ಮಧ್ಯಾಹ್ನ ನಲವತ್ತು ಡಿಗ್ರಿ ದಾಟಿದರೆ ನನ್ನ ಕಂಪ್ಯೂಟರ್ ತಾನಾಗಿಯೇ ಆಫ್ ಆಗುತ್ತಿತ್ತು. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದಿಟ್ಟರೆ ಪ್ರೊಸೆಸರ್ 11 ಡಿಗ್ರಿ ತಣ್ಣಗಾಗುತ್ತಿತ್ತು. ಅಂದರೆ ಗ್ರಾಫಿಕ್ಸ್ ಕಾರ್ಡ್ ಬಿಟ್ಟ ಬಿಸಿ ಗಾಳಿಯನ್ನೇ ಪ್ರೊಸೆಸರ್ ಫ್ಯಾನ್ ಎಳೆದುಕೊಳ್ಳುತ್ತಿತ್ತು. ಆದರೆ ಬಾಗಿಲು ತೆರೆದಿಟ್ಟರೆ ಎರಡೇ ದಿನದಲ್ಲಿ ಒಳಗೆಲ್ಲ ಕೆಂಪು ಧೂಳು. ಅದಕ್ಕೇ ಹೊರಗಿನ ಗಾಳಿಯನ್ನು ಸೀದಾ ಪ್ರೊಸೆಸರ್ ಫ್ಯಾನ್‌ಗೆ ತಲುಪಿಸುವ ಒಂದು ಕೊಳವೆ ಮಾಡಬೇಕು, ಬಾಯಿಗೆ ಸ್ಪಂಜ್ ಫಿಲ್ಟರ್ ಕೂರಿಸಬೇಕು ಅಂತ ಹೊರಟೆ. ಒಂದು ತುದಿ 120 ಎಂ.ಎಂ., ಇನ್ನೊಂದು ತುದಿ 92, ನಡುವೆ ಒಂದು ತಿರುವು. ಅಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ.

ಅದನ್ನು ಫೈಬರ್‌ನಲ್ಲಿ ನಾನೇ ಮಾಡೋಣ ಅಂತ ಏಪ್ರಿಲ್ 18ರಂದು ನಿಮ್ಮ ಕಿಟ್‌ಗೆ 1,460 ರೂಪಾಯಿ ಕಟ್ಟಿದೆ. ಒಂದು ಕೆಜಿ ಪಾಲಿಯೆಸ್ಟರ್ ರೆಸಿನ್, ಮ್ಯಾಟ್ (ರೆಸಿನ್‌ನಲ್ಲಿ ನೆನೆಸಿ ಹಾಕುವ ಗಾಜಿನ ನಾರಿನ ಹಾಳೆ), ಹಾರ್ಡ್‌ನರ್. "ಕೋಬಾಲ್ಟ್ ಬೆರೆಸಿದ ರೆಸಿನ್, ಹಾರ್ಡ್‌ನರ್ ಹಾಕಿದರೆ ಸಾಕು" ಅಂತ ನೀವೇ ಬರೆದಿದ್ದೀರಿ. ಡಬ್ಬಿಯ ಮೇಲೆ ಅಳತೆ ಕೂಡ ಇರಲಿಲ್ಲ.

ಅಚ್ಚಿಗೇ ನಾಲ್ಕು ಸಂಜೆ ಹಿಡಿಯಿತು. ಥರ್ಮಾಕೋಲ್ ಕೊರೆದು, ಉಜ್ಜಿ, ತಿರುವು ನುಣ್ಣಗೆ ಮಾಡಿದೆ. ರೆಸಿನ್ ತಾಗಿದರೆ ಥರ್ಮಾಕೋಲ್ ಕರಗಿಹೋಗುತ್ತದೆ, ಹಾಗಾಗಿ ಎಲ್ಲೂ ಸಂದು ಬಿಡದೆ ಬ್ರೌನ್ ಟೇಪ್ ಸುತ್ತಿ ಮೇಲೆ ವ್ಯಾಕ್ಸ್ ಹಚ್ಚಿದೆ. ಬಾಲ್ಕನಿಯಲ್ಲಿ ಕೂತು ಎರಡು ಪದರ ಮ್ಯಾಟ್ ಹಾಕಿದೆ. ನೂರು ಗ್ರಾಂ ರೆಸಿನ್‌ಗೆ ಎರಡು ಗ್ರಾಂ ಹಾರ್ಡ್‌ನರ್, ತೂಕ ಮಾಡಿಯೇ ಹಾಕಿದ್ದು. ಮೂರು ದಿನ ಕಳೆದರೂ ಬೆಲ್ಲದ ಪಾಕದ ಹಾಗೆ ಅಂಟಂಟು. ಕೊನೆಗೆ ಟೇಪಿನ ಸಂದಿಯಿಂದ ರೆಸಿನ್ ಒಳಗಿಳಿದು ಅಚ್ಚನ್ನೂ ತಿಂದುಹಾಕಿತು.

ಕೋಬಾಲ್ಟ್ ಕೇಳಿಕೊಂಡು ಹೊಸಪೇಟೆ ರಸ್ತೆಯಲ್ಲಿ ಬಂಪರ್ ರಿಪೇರಿ ಮಾಡುವ ಒಬ್ಬರ ಹತ್ತಿರ ಹೋದೆ. ನಿಮ್ಮವರು ಹೇಳಿದ್ದನ್ನು ಹೇಳಿದ್ದೇ ತಡ, ಅವರು ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟರು. "ಅಣ್ಣಾ, ಅವೆರಡನ್ನೂ ಒಂದೇ ಕಡೆ ಇಡಬಾರದು" ಅಂದರು. ನಿಮ್ಮದೇ ರೆಸಿನ್‌ಗೆ ಕೆಲವು ಹನಿ ಕೋಬಾಲ್ಟ್ ಹಾಕಿ ಚೆನ್ನಾಗಿ ಕಲಸಿದರು. ಬಣ್ಣ ತಿಳಿ ಗುಲಾಬಿಗೆ ತಿರುಗಿತು. ಆಮೇಲೆ ನಿಮ್ಮದೇ ಹಾರ್ಡ್‌ನರ್ ಬಿಟ್ಟರು. ಹದಿನೈದು ನಿಮಿಷದಲ್ಲಿ ಗಟ್ಟಿಯಾಗತೊಡಗಿತು. ಅಂದರೆ ತಪ್ಪು ನನ್ನ ಅಳತೆಯದಲ್ಲ, ಅಲ್ವಾ? ನೀವು ಕಳಿಸಿದ ರೆಸಿನ್‌ನಲ್ಲಿ ಕೋಬಾಲ್ಟೇ ಇರಲಿಲ್ಲ.

ನನ್ನ 1,460 ರೂಪಾಯಿ ವಾಪಸ್ ಕೊಡಿ. ಅದಕ್ಕಿಂತ ಮುಖ್ಯವಾದದ್ದು ಆ ಸಲಹೆ. ಅದನ್ನು ಇನ್ನೆಷ್ಟು ಜನಕ್ಕೆ ಕೊಟ್ಟಿದ್ದೀರಿ? ಅವರೆಲ್ಲರಿಗೂ ಇವತ್ತೇ ಫೋನ್ ಮಾಡಿ ತಿಳಿಸಿ. ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ಅಂತ ಪ್ರತಿ ಡಬ್ಬಿಯ ಮೇಲೂ ಕನ್ನಡದಲ್ಲಿ ಬರೆಯಿರಿ. ಹಾರ್ಡ್‌ನರ್ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು, ಕನ್ನಡಕ ಮತ್ತು ಕೈಗವಸು ಬೇಕೇ ಬೇಕು ಅಂತಲೂ ಬರೆಯಿರಿ. ಫೋನ್ ಎತ್ತುವವರಿಗೆ ಇದನ್ನು ಮೊದಲು ಕಲಿಸಿ.

ಹದಿನೈದು ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಬಳ್ಳಾರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ಬಿಲ್ ಮತ್ತು ಫೋಟೋಗಳನ್ನು ಲಗತ್ತಿಸಿದ್ದೇನೆ. ಅಂಟಂಟಾದ ಕೊಳವೆಯನ್ನೂ ಉಳಿದ ರೆಸಿನ್ ಡಬ್ಬಿಯನ್ನೂ ಎಸೆದಿಲ್ಲ. ನಿಮ್ಮವರು ಬಂದು ನೋಡಬಹುದು.

ಇಂತಿ,
ನಿಮ್ಮ ಗ್ರಾಹಕ