ಕೊರಿಯನ್ ಪಾಠಕ್ಕೆ ಗ-ಖ-ಕ್ಕ ಕೋಷ್ಟಕ ಬೇಡ

ಮಾನ್ಯ ಸಂಪಾದಕರೇ,

ನಿಮ್ಮ ಯುವ ಪುರವಣಿಯ ಕೊರಿಯನ್ ಪಾಠದಲ್ಲಿ ಆ ಭಾಷೆಯ ಅಕ್ಷರಗಳ ಎದುರು ಗ, ಖ, ಕ್ಕ. ದ, ಥ, ತ್ತ. ಬ, ಫ, ಪ್ಪ ಎಂದು ಕೋಷ್ಟಕ ಹಾಕಿ, ಮಹಾಪ್ರಾಣ ಬಲ್ಲ ಕನ್ನಡಿಗರಿಗೆ ಇದೆಲ್ಲ ಸಲೀಸು ಎಂದು ಬರೆಯಲಾಗಿದೆ. ಮೈಸೂರಿನಲ್ಲಿ ಕೊರಿಯನ್ ಹೇಳಿಕೊಡುವ ನನಗೆ ಈ ಕೋಷ್ಟಕದ ಮೇಲೆ ಹಳೆಯ ಸಿಟ್ಟಿದೆ. ಹೊಸ ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ. ಮರೆಸುವ ಕೆಲಸ ನನ್ನ ಪಾಲಿಗೆ.

ಚಂದ್ರ, ಮಗಳು, ಮುಖವಾಡ: ಈ ಮೂರು ಅರ್ಥದ ಕೊರಿಯನ್ ಪದಗಳಲ್ಲಿ ಬೇರೆಯಾಗುವುದು ಮೊದಲ ವ್ಯಂಜನ ಮಾತ್ರ. (ಪದಗಳನ್ನು ಕನ್ನಡದಲ್ಲಿ ಬರೆಯಲಾರೆ. ಬರೆದರೆ ನಾನೂ ಕೋಷ್ಟಕ ಹಾಕಿದಂತೆಯೇ.) ಚಂದ್ರನದು ಸಡಿಲ, ಮಗಳದು ಬಿಗಿ, ಮುಖವಾಡದ್ದು ಮಹಾಪ್ರಾಣ. ಪದದ ಆರಂಭದಲ್ಲಿ ಮೂರೂ ಅಘೋಷ, ಅಂದರೆ ಗಂಟಲಿನ ಕಂಪನವಿಲ್ಲದವು. ನಮ್ಮ 'ದ'ಕಾರದ ಘೋಷ ಅಲ್ಲಿಲ್ಲ. ಸ್ವರ, ಅನುನಾಸಿಕಗಳಂಥ ಘೋಷ ದನಿಗಳ ನಡುವೆ ಸಿಕ್ಕಿಕೊಂಡಾಗ ಮಾತ್ರ ಸಡಿಲ ವ್ಯಂಜನ ಘೋಷವಾಗುತ್ತದೆ. ಪುಸಾನ್ ನಗರದ ಹೆಸರು 2000ದಲ್ಲಿ ಬುಸಾನ್ ಆಗಿದ್ದು ಸರ್ಕಾರ ರೋಮನ್ ಲಿಪಿಯ ನಿಯಮ ಬದಲಿಸಿದ್ದರಿಂದ. ಅಲ್ಲಿಯ ಜನರ ನಾಲಿಗೆ ಮೊದಲು ಹೇಗಿತ್ತೋ ಹಾಗೆಯೇ ಇದೆ.

ನಿಜವಾದ ತೊಡಕು ಕೇಳುವವರ ಕಿವಿಯಲ್ಲಿದೆ. ಸೋಲ್ ನಗರದಲ್ಲಿ ಸುಮಾರು 1960ರ ದಶಕದ ನಂತರ ಹುಟ್ಟಿದವರ ಮಾತಿನಲ್ಲಿ ಸಡಿಲಕ್ಕೂ ಮಹಾಪ್ರಾಣಕ್ಕೂ ಬಿಡುವ ಉಸಿರು ಹೆಚ್ಚುಕಡಿಮೆ ಒಂದೇ ಆಗುತ್ತ ಬಂದಿದೆ. ಅವರು ವ್ಯತ್ಯಾಸ ಹಿಡಿಯುವುದು ವ್ಯಂಜನದ ಬೆನ್ನಿಗೇ ಬರುವ ಸ್ವರದ ಶ್ರುತಿಯಿಂದ: ತಗ್ಗಿದ್ದರೆ ಸಡಿಲ, ಏರಿದ್ದರೆ ಮಹಾಪ್ರಾಣ. ಧ್ವನಿಮುದ್ರಿಸಿದ ಅಕ್ಷರಗಳನ್ನು ಕತ್ತರಿಸಿ, ಒಂದರ ವ್ಯಂಜನಕ್ಕೆ ಇನ್ನೊಂದರ ಸ್ವರ ಅಂಟಿಸಿ ಕೇಳಿಸಿದ ಪ್ರಯೋಗವೊಂದು 2002ರಲ್ಲಿ ಪ್ರಕಟವಾಯಿತು. ಸಡಿಲ ವ್ಯಂಜನದ ಸ್ವರವನ್ನು ಅಂಟಿಸಿದಾಗ, ಮುಂದಿದ್ದ ವ್ಯಂಜನ ಯಾವುದೇ ಆಗಿರಲಿ, ಕೇಳಿದವರು ಬಹುಪಾಲು ಸಡಿಲವೆಂದೇ ಗುರುತಿಸಿದರು. ನಿಮ್ಮ ಪಾಠ ಓದಿದ ಹುಡುಗ ಎದೆಯುಬ್ಬಿಸಿ ಉಸಿರು ಬಿಟ್ಟು, ಆದರೆ ತಗ್ಗಿದ ದನಿಯಲ್ಲಿ ಮುಖವಾಡ ಎಂದರೆ, ಸೋಲ್‌ನ ಹುಡುಗಿಗೆ ಅದು ಚಂದ್ರನಾಗಿ ಕೇಳಿಸಬಹುದು. ಮಹಾಪ್ರಾಣ ಬಲ್ಲೆವೆಂಬ ನಮ್ಮ ಹೆಮ್ಮೆಯೇ ಇಲ್ಲಿ ಅಡ್ಡಗಾಲು. ಅಷ್ಟಕ್ಕೂ ದಿನದ ಮಾತಿನಲ್ಲಿ ನಮ್ಮಲ್ಲಿ ಎಷ್ಟು ಜನ 'ಭ'ಕಾರವನ್ನು ಸರಿಯಾಗಿ ಉಚ್ಚರಿಸುತ್ತೇವೆ?

ಇನ್ನು ಬಿಗಿ ವ್ಯಂಜನಕ್ಕೆ ಒತ್ತಕ್ಷರ ಕೊಟ್ಟಿದ್ದಂತೂ ಪೂರಾ ದಾರಿ ತಪ್ಪಿಸುವ ಕೆಲಸ. ಕನ್ನಡದ ಕ್ಕ, ತ್ತದಂಥ ಒತ್ತು ಪದದ ನಡುವೆ ಬರುವಂಥದ್ದು. ಕೊರಿಯನ್ನಿನ ಬಿಗಿ ಪದದ ಮೊದಲಲ್ಲೇ ಗಂಟಲು ಬಿಗಿದು ಹೊರಡುವಂಥದ್ದು. ಅದಕ್ಕೆ ಹತ್ತಿರದ್ದು ನಮ್ಮ ಸಾದಾ ಕ, ತ, ಪ. ಥಾಯ್ ಭಾಷೆಯ ಅಲ್ಪಪ್ರಾಣ ಕ, ತ, ಪಗಳನ್ನು ಕೊರಿಯನ್ನರು ತಮ್ಮ ಅಧಿಕೃತ ನಿಯಮದ ಪ್ರಕಾರ ಬಿಗಿ ಅಕ್ಷರಗಳಲ್ಲೇ ಬರೆಯುತ್ತಾರೆ.

ಅನುನಾಸಿಕವೂ ನಂಬಿಕೆಗೆ ಅರ್ಹವಲ್ಲ. ಹೌದು ಎನ್ನುವ ಕೊರಿಯನ್ ಪದ 'ನೆ' ನನ್ನ ವಿದ್ಯಾರ್ಥಿಗಳಿಗೆ ಎಷ್ಟೋ ಸಲ 'ದೆ' ಎಂದೇ ಕೇಳಿಸುತ್ತದೆ. ಕಿವಿ ಸುಳ್ಳು ಹೇಳುತ್ತಿಲ್ಲ; ಪದದ ಆರಂಭದ 'ನ', 'ಮ'ಗಳಿಂದ ಮೂಗಿನ ದನಿ ಕಳಚಿಹೋಗುವುದು ಅಲ್ಲಿ ಸಾಮಾನ್ಯ, ಆಡುವವರಿಗೇ ಅದರ ಅರಿವಿರುವುದಿಲ್ಲ.

ಆದ್ದರಿಂದ ಮುಂದಿನ ಪಾಠದಿಂದ ಕೋಷ್ಟಕ ತೆಗೆದು, ಆ ಜಾಗದಲ್ಲಿ ಒಂದು ಕ್ಯೂಆರ್ ಕೋಡ್ ಹಾಕಿ. ಮೊಬೈಲ್ ಹಿಡಿದರೆ ಕೊರಿಯನ್ನರ ದನಿಯೇ ಕೇಳಲಿ. ಸೋಲ್‌ನ ಒಬ್ಬ ಅಜ್ಜ ಮತ್ತು ಒಬ್ಬ ಯುವತಿ ಅದೇ ಮೂರು ಪದಗಳನ್ನು ಹೇಳಿದ ಧ್ವನಿಮುದ್ರಣ ಸಿಕ್ಕರೆ ಇನ್ನೂ ಒಳ್ಳೆಯದು.

– ಕೊರಿಯನ್ ಶಿಕ್ಷಕಿ, ಮೈಸೂರು